ತಿನ್ನತಕ್ಕ ಹಾಳೆಯ ಮೇಲಣ ಚಿತ್ರ

ಬೆಳಗಾವಿ ನಗರದ ದಕ್ಷಿಣ ಭಾಗದಲ್ಲಿರುವ ಹಿಂದವಾಡಿಯು ಗುರುದೇವ ರಾನಡೆಯವರ ಹೆಸರಿನ ಮಂದಿರದಿಂದಲೂ ಗೋಮಟೇಶ ವಿದ್ಯಾಪೀಠದಿಂದಲೂ ನಾಡಿಗೆ ಪರಿಚಿತವಾದ ಬಡಾವಣೆ. ಆದರೆ ಸಾಯಂಕಾಲದ ವೇಳೆಯಲ್ಲಿ ಅಲ್ಲಿಂದ ಗೋವಾವೇಸಿನ ಕಡೆಗೋ ಟಿಳಕವಾಡಿಯ ಕಡೆಗೋ ನಡೆದು ಹೋಗುತ್ತ ಬೇಕರಿಗಳ ಗಾಜಿನ ಕಪಾಟುಗಳೆದುರು ಒಂದು ಕ್ಷಣ ನಿಂತವರಿಗೆ, ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ನೆಲೆಗೊಂಡ ಹೊಸದೊಂದು ರೂಢಿಯೂ ಕಣ್ಣಿಗೆ ಬೀಳದೆ ಇರದು. ವರ್ಷ ತುಂಬಿದ ಮಗುವಿನ ನಗುಮುಖ, ಷಷ್ಟ್ಯಬ್ದಿಯ ದಂಪತಿಗಳ ಮದುವೆಯ ಕಾಲದ ಭಾವಚಿತ್ರ, ನಿವೃತ್ತರಾಗುವ ಅಧ್ಯಾಪಕರ ತರಗತಿಯ ಚಿತ್ರ, ಇವೆಲ್ಲ ಅಲ್ಲಿ ಕೆನೆಯ ಬಿಳುಪಿನ ಮೇಲೆ ವರ್ಣರಂಜಿತವಾಗಿ ಮೂಡಿ, ಹೆಸರು ಹೊತ್ತು, ಒಡೆಯರ ಬರವನ್ನು ಕಾಯುತ್ತಿರುತ್ತವೆ. ಕೊಳ್ಳುವವರು ಮೊಬೈಲಿನಲ್ಲಿ ಒಂದು ಫೋಟೋ ಕಳುಹಿಸಿದರೆ ಸಾಕು, ಮರುದಿನ ಅದೇ ಫೋಟೋ ತಿನ್ನತಕ್ಕ ವಸ್ತುವಾಗಿ ಮನೆಗೆ ಬರುತ್ತದೆ. ಬರುವ ಆ ವಸ್ತುವು ಯಾವುದರಿಂದ ಆದದ್ದು, ಅದು ಕೇಕಿನ ಮೇಲೆ ನಿಲ್ಲುವ ಬಗೆ ಯಾವುದು, ಅದನ್ನು ಮಕ್ಕಳ ಬಾಯಿಗೆ ಇಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದನ್ನು ಸ್ವಲ್ಪ ಸಾವಕಾಶವಾಗಿ ವಿಚಾರ ಮಾಡುವುದು ಈ ಬರಹದ ಉದ್ದೇಶ.

ಚಿತ್ರವನ್ನು ತಿನ್ನುವುದು ನಮಗೆ ವಿದೇಶದಿಂದ ಬಂದ ವಿಚಿತ್ರವೆಂದು ಬಗೆಯುವವರು ಉತ್ತರ ಕರ್ನಾಟಕದ ಗೌರಿ ಹುಣ್ಣಿಮೆಯನ್ನು ಮರೆತಿದ್ದಾರೆಂದೇ ಹೇಳಬೇಕು. ಕಾರ್ತಿಕ ಮಾಸದ ಪೌರ್ಣಿಮೆಯಂದು ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಗಳ ಕಡೆಯ ಹೆಣ್ಣುಮಕ್ಕಳು ತಟ್ಟೆಯಲ್ಲಿ ದೀಪದೊಡನೆ ಇಟ್ಟುಕೊಂಡು ಗೌರಿಯ ಮುಂದೆ ಬೆಳಗುವ ಸಕ್ಕರೆ ಆರತಿಯೆಂದರೆ ಏನು? ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿದು, ಕೊಳೆ ತೆಗೆದು ಹದಕ್ಕೆ ತಂದ ಸಕ್ಕರೆ ಪಾಕವನ್ನು ಅದರ ಬಾಯಿಯಿಂದ ಎರೆದು, ಆರಿದ ಮೇಲೆ ದಾರ ಬಿಚ್ಚಿದರೆ, ಆನೆ, ಕುದುರೆ, ತೇರು, ಗೋಪುರ, ಬಸವಣ್ಣ, ಶಿವಪಾರ್ವತಿಯರು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಮದುವೆ ಗೊತ್ತಾದ ಕನ್ಯೆಯ ಮನೆಗೆ ಬೀಗರು ಸೀರೆಯೊಡನೆ ಈ ಸಕ್ಕರೆಯ ಗೊಂಬೆಗಳನ್ನು ಒಯ್ಯುವರು. ಪೂಜೆಯಾದ ಮೇಲೆ ಅವನ್ನು ಮುರಿದು ಎಲ್ಲರೂ ಹಂಚಿಕೊಂಡು ತಿನ್ನುವರು. ಕಣ್ಣು ಮೊದಲು ಉಂಡು ನಾಲಗೆ ಆಮೇಲೆ ಉಣ್ಣುವ ಈ ಸಂಸ್ಕಾರವು ಇಲ್ಲಿನ ಜನರಿಗೆ ಹೊಸದಲ್ಲವಾದುದರಿಂದಲೇ, ಚಿತ್ರದ ಕೇಕು ಈ ಊರಿನಲ್ಲಿ ಇಷ್ಟು ಸಲೀಸಾಗಿ ಬೇರುಬಿಟ್ಟಿತೆಂದು ನಾನು ನಂಬಿದ್ದೇನೆ.

ಹಾಳೆಯಷ್ಟು ತೆಳುವಾದ ಭಕ್ಷ್ಯವೂ ಬೆಳಗಾವಿಗೆ ಅಪೂರ್ವವಲ್ಲ. ಇಲ್ಲಿನ ಮದುವೆಯೂಟಗಳಲ್ಲಿ ಮರ್ಯಾದೆಯ ಸ್ಥಾನ ಪಡೆದ ಮಂಡಿಗೆಯು, ಕಣಕವನ್ನು ಕೈಗಳ ಮೇಲೆಯೇ ಬೀಸಿ ಹಿಗ್ಗಿಸಿ, ಬೋರಲು ಹಾಕಿದ ಕಡಾಯಿಯ ಮೇಲೆ ಹರಡಿ ಬೇಯಿಸಿ, ವಸ್ತ್ರದಂತೆ ಮಡಿಸಿಟ್ಟ ಪಕ್ವಾನ್ನ. ಆಂಧ್ರದ ಕೋನಸೀಮೆಯ ಆತ್ರೇಯಪುರದ ಹೆಂಗಸರು ಅಕ್ಕಿಯ ತಿಳಿಯಲ್ಲಿ ಬಟ್ಟೆಯನ್ನದ್ದಿ, ಕಾದ ಮಡಕೆಯ ಬೋರಲು ಬೆನ್ನಿನ ಮೇಲೆ ಒಮ್ಮೆ ಎಳೆದು, ಕ್ಷಣಾರ್ಧದಲ್ಲಿ ಎಬ್ಬಿಸುವ ಪಾರದರ್ಶಕವಾದ ಪೊರೆಯಿಂದ ಪೂತರೇಕುಲು ಎಂಬ ಸಿಹಿಯನ್ನು ಮಾಡುತ್ತಾರೆ. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಯುರೋಪಿನ ಇಗರ್ಜಿಗಳಲ್ಲಿ ಶತಮಾನಗಳಿಂದ ಪ್ರಸಾದವಾಗಿ ಸಲ್ಲುತ್ತಿರುವ ತೆಳು ಬಿಲ್ಲೆಯನ್ನು ಎರಡು ಕಬ್ಬಿಣದ ಫಲಕಗಳ ನಡುವೆ ಸುಡುವಾಗ, ಫಲಕದಲ್ಲಿ ಕೊರೆದ ಶಿಲುಬೆಯ ಅಥವಾ ಕುರಿಮರಿಯ ಆಕೃತಿಯು ಅದರ ಮೇಲೆ ಒಡಮೂಡುತ್ತಿತ್ತು. ಜರ್ಮನಿಯ ನ್ಯೂರೆಂಬರ್ಗಿನ ಮಿಠಾಯಿಗಾರರು ತಮ್ಮ ಮಸಾಲೆಯ ಕೇಕುಗಳು ತಟ್ಟೆಗೆ ಅಂಟದಿರಲೆಂದು ಅಡಿಯಲ್ಲಿ ಇಡುವ ಬಿಳಿಯ ಹಾಳೆಯೂ ಇದೇ ವಂಶದ್ದು.

ಇಂದಿನ ಚಿತ್ರದ ಹಾಳೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ವೇಫರ್ ಪೇಪರ್. ಆಲೂಗಡ್ಡೆಯ ಪಿಷ್ಟ, ನೀರು, ತುಸು ಎಣ್ಣೆ ಇಷ್ಟನ್ನೇ ಕಲಸಿ, ಬಿಸಿ ಫಲಕಗಳ ನಡುವೆ ಒತ್ತಿ ಒಣಗಿಸಿದರೆ ಇದು ಸಿದ್ಧವಾಗುತ್ತದೆ. ಇದಕ್ಕೆ ಸ್ವಂತ ರುಚಿಯಿಲ್ಲ, ಬೆಲೆ ಕಡಮೆ, ಗರಿಗರಿಯಾಗಿರುತ್ತದೆ. ನೀರು ತಾಗಿದರೆ ಮಾತ್ರ ಮುದುಡಿ, ಹೆಚ್ಚಾದರೆ ಕರಗಿಯೇ ಹೋಗುತ್ತದೆ. ಎರಡನೆಯದು ಶುಗರ್ ಶೀಟ್ ಅಥವಾ ಐಸಿಂಗ್ ಶೀಟ್ ಎಂದು ನಮ್ಮ ಬೇಕರಿಗಳಲ್ಲಿ ಕರೆಯಲ್ಪಡುವ ಸಕ್ಕರೆಯ ಹಾಳೆ. ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಜೋಳದ ಪಾಕ, ಸೆಲ್ಯುಲೋಸಿನ ಅಂಟು, ಮೆತ್ತಗಿರಲೆಂದು ಗ್ಲಿಸರಿನ್ ಇವನ್ನು ಸೇರಿಸಿ ಅರೆದ ಲೇಪವನ್ನು ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಸಮನಾಗಿ ಬಳಿದು ಒಣಗಿಸಿರುತ್ತಾರೆ. ಇದು ಕೇಕಿನ ಮೇಲಿನ ಕೆನೆಯ ತೇವವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಅದರಲ್ಲಿ ಒಂದಾಗಿಬಿಡುವುದರಿಂದ, ಸ್ವಲ್ಪ ಹೊತ್ತಿನ ಬಳಿಕ ಹಾಳೆ ಎಲ್ಲಿ ಮುಗಿದು ಕೆನೆ ಎಲ್ಲಿ ಆರಂಭವಾಯಿತೆಂದು ಕಣ್ಣಿಗೆ ತಿಳಿಯದು. ಮಗುವಿನ ಮುಖದ ನುಣುಪು ಬೇಕಾದಾಗ ಎಲ್ಲರೂ ಇದನ್ನೇ ಆರಿಸುತ್ತಾರೆ.

ಹಾಳೆಯ ಘಟಕಗಳನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಸ್ಥಳೀಯವಾದ ಕಾರಣವೂ ಉಂಟು. ಬೆಳಗಾವಿಯ ಈ ಭಾಗದಲ್ಲಿ ಜೈನ ಕುಟುಂಬಗಳು ಬಹಳ. ಮೊಟ್ಟೆಯಿಲ್ಲದ ಕೇಕೆಂದು ಹೇಳಿ ಮಾಡಿಸಿಕೊಂಡು ಹೋದವರು, ಅದರ ಮೇಲಣ ಚಿತ್ರವು ಆಲೂಗಡ್ಡೆಯ ಹಾಳೆಯ ಮೇಲಿದೆಯೆಂಬುದನ್ನು ಅರಿಯದೆಹೋಗಬಹುದು. ಕಂದಮೂಲಗಳನ್ನು ವರ್ಜಿಸಿದವರ ಪಾಲಿಗೆ ಇದು ಅಲಕ್ಷಿಸತಕ್ಕ ಸಂಗತಿಯಲ್ಲ. ಹಾಗೆಯೇ ಕೆಲವು ಅಂಟುಗಳಲ್ಲಿ ಪ್ರಾಣಿಜನ್ಯವಾದ ಜಿಲೆಟಿನ್ ಇರುವುದುಂಟು, ವಿದೇಶದ ಕೆಲವು ಕೆಂಪು ಬಣ್ಣಗಳಲ್ಲಿ ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕಾರ್ಮೈನ್ ಇರುವುದುಂಟು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕೇಕಿಗೆ ಮಾತ್ರವಲ್ಲದೆ ಹಾಳೆಗೂ ಶಾಯಿಗೂ ಕೇಳಿ ನೋಡುವುದು ಗ್ರಾಹಕರ ಹಕ್ಕು, ತೋರಿಸುವುದು ಮಾರುವವರ ಧರ್ಮ.

ಇನ್ನು ಶಾಯಿಯ ವಿಷಯ. ಆಫೀಸಿನ ಮೇಜಿನ ಮೇಲಿರುವ ಇಂಕ್‌ಜೆಟ್ ಯಂತ್ರಕ್ಕೂ ಬೇಕರಿಯ ಯಂತ್ರಕ್ಕೂ ರಚನೆಯಲ್ಲಿ ಭೇದವಿಲ್ಲ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಾದ ಬೆಸುಗೆಯ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಶಾಯಿಯ ಹನಿ ತಾನಾಗಿ ಚಿಮ್ಮಿತು. ಅದನ್ನು ಕಂಡ ಸಂಶೋಧಕರು ಸೂಕ್ಷ್ಮವಾದ ನಾಳಗಳೊಳಗೆ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಹುಟ್ಟಿದ ಗುಳ್ಳೆಯ ಒತ್ತಡದಿಂದ ಹನಿಯನ್ನು ಎಸೆಯುವ ತಂತ್ರವನ್ನು ಬೆಳೆಸಿದರು. ಎಪ್ಸನ್ ಸಂಸ್ಥೆಯ ಯಂತ್ರಗಳಲ್ಲಿ ಕಾಯಿಸುವ ಕೆಲಸವಿಲ್ಲ. ವಿದ್ಯುತ್ತು ತಾಗಿದಾಗ ಆಕಾರ ಬದಲಿಸುವ ಸ್ಫಟಿಕವು ಶಾಯಿಯನ್ನು ತಳ್ಳುತ್ತದೆ. ಬೇಕರಿಯವರು ಬಳಸುವುದು ಬಹುಮಟ್ಟಿಗೆ ಈ ಎರಡು ಮನೆತನಗಳ ಯಂತ್ರಗಳನ್ನೇ. ಪೆಟ್ಟಿಗೆಗಳಲ್ಲಿ ತುಂಬುವ ದ್ರವ ಮಾತ್ರ ಬೇರೆ: ನೀರು, ಗ್ಲಿಸರಿನ್, ಪ್ರೊಪಿಲಿನ್ ಗ್ಲೈಕಾಲ್, ತುಸು ಸಿಟ್ರಿಕ್ ಆಮ್ಲ, ಅದರಲ್ಲಿ ಕರಗಿಸಿದ ಆಹಾರದ ಬಣ್ಣಗಳು. ನೀಲಿಗೆ ಬ್ರಿಲಿಯಂಟ್ ಬ್ಲೂ, ಹಳದಿಗೆ ಟಾರ್ಟ್ರಜೀನ್, ಕೆಂಪಿಗೆ ಕಾರ್ಮೊಯ್ಸಿನ್‌ನಂಥ ವರ್ಣ, ಕಪ್ಪಿಗೆ ಇವುಗಳ ಮಿಶ್ರಣ. ಬರಹದ ಶಾಯಿಯಲ್ಲಿರುವ ಮಸಿಯ ಗಾಢತೆ ಈ ಮಿಶ್ರಣಕ್ಕೆ ಬಾರದಾದ್ದರಿಂದ, ತಲೆಗೂದಲು ತುಸು ಕಂದಾಗಿ ಕಾಣುತ್ತದೆ, ನೆರಳಿನ ಭಾಗವು ಕೆಲವೊಮ್ಮೆ ಹಸಿರಿಗೆ ತಿರುಗುತ್ತದೆ. ಬಲ್ಲವರು ಮುದ್ರಿಸುವ ಮುನ್ನವೇ ಚಿತ್ರವನ್ನು ಒಂದಿಷ್ಟು ಬೆಳಗಿಸಿಕೊಳ್ಳುತ್ತಾರೆ.

ಈ ಯಂತ್ರದಿಂದ ಊಟದ ಪಟ್ಟಿಯನ್ನೇ ತಿನ್ನುವಂತೆ ಮಾಡಿದ ಸಾಹಸಿಗಳೂ ಇದ್ದರು: ಷಿಕಾಗೋ ನಗರದಲ್ಲಿ 2004ರಲ್ಲಿ ಮೋಟೋ ಎಂಬ ಭೋಜನಾಲಯ ತೆರೆದಾಗ ಅದರ ಪಾಕಪ್ರವೀಣ ಹೋಮಾರೋ ಕಾಂಟು, ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ ತಿನ್ನುವ ಹಾಳೆಗಳನ್ನು ಅತಿಥಿಗಳ ಮುಂದಿಟ್ಟು ಪ್ರಸಿದ್ಧನಾದ. ನಮ್ಮ ಬೀದಿಯ ಬೇಕರಿಗೆ ಅಂಥ ಚಮತ್ಕಾರದ ಆಸೆಯಿಲ್ಲ. ಚಿತ್ರ ಸರಿಯಾಗಿ ಕೂರಬೇಕು, ಅಷ್ಟೆ.

ಅದು ಕೂರುವ ಬಗೆಯನ್ನು ಹತ್ತಿರದಿಂದ ನೋಡುವುದು ಚೆನ್ನ. ಮನೆಯಲ್ಲೇ ಕೇಕು ಮಾಡಿ ಮಾರುವ ಹೆಂಗಸರು ಈಗ ಈ ಬಡಾವಣೆಗಳಲ್ಲೆಲ್ಲ ಇದ್ದಾರೆ. ಅವರಲ್ಲಿ ಅನೇಕರು ಯಂತ್ರ ಇಟ್ಟುಕೊಳ್ಳುವುದಿಲ್ಲ, ಏಕೆಂದರೆ ವಾರಕ್ಕೊಂದೆರಡು ಹಾಳೆಯಾದರೂ ಮುದ್ರಿಸದಿದ್ದರೆ ಶಾಯಿಯ ಜಿಗುಟಿನಿಂದ ಅದರ ನಾಳಗಳು ಕಟ್ಟಿಕೊಂಡುಬಿಡುತ್ತವೆ. ಆದುದರಿಂದ ಮುದ್ರಿಸಿಕೊಡುವ ಅಂಗಡಿಯೊಂದರಿಂದ ಹಾಳೆಯನ್ನು ಗಾಳಿಯಾಡದ ಚೀಲದಲ್ಲಿ ಹಾಕಿಸಿಕೊಂಡು ತರುತ್ತಾರೆ. ಅಂಥ ಅಡುಗೆಮನೆಯಲ್ಲಿ ಕೇಕನ್ನು ಮೊದಲು ತಣ್ಣಗೆ ಗಟ್ಟಿಯಾಗಲು ಬಿಟ್ಟು, ಮೇಲ್ಮೈಯನ್ನು ಉದ್ದನೆಯ ಕತ್ತಿಯಿಂದ ಸಮಮಾಡುತ್ತಾರೆ. ಅಲ್ಲಿ ಎದ್ದ ಒಂದು ಸಣ್ಣ ಉಬ್ಬು ಕೂಡ ಹಾಳೆಯ ಕೆಳಗೆ ಮುಖದ ಮೇಲಿನ ಗಂಟಾಗಿ ಕಾಣುತ್ತದೆ. ಬಳಿಕ ಹಾಳೆಯನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿ, ಪ್ಲಾಸ್ಟಿಕ್ಕಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನಿಧಾನವಾಗಿ ಕೆಳಗೆಳೆಯುತ್ತಾರೆ. ಸಕ್ಕರೆಯ ಪೊರೆಯ ತುದಿ ತಾನೇ ಎದ್ದು ಬೆರಳಿಗೆ ಸಿಗುವ ಆ ಘಳಿಗೆಯೇ ಈ ಕೆಲಸದ ಕಠಿನ ಘಟ್ಟ. ಏಳದಿದ್ದರೆ ಒಂದೆರಡು ನಿಮಿಷ ಫ್ರೀಜರಿನಲ್ಲಿಟ್ಟು ಮತ್ತೆ ಯತ್ನಿಸುತ್ತಾರೆ, ಉಗುರಿನಿಂದ ಕೆರೆದವರ ಹಾಳೆ ಹರಿಯುತ್ತದೆ. ಎದ್ದ ಹಾಳೆಯ ಮಧ್ಯಭಾಗವನ್ನು ತುಸು ಬಾಗಿಸಿ, ಮೊದಲು ನಡುವನ್ನು ಕೆನೆಗೆ ತಾಗಿಸಿ, ಆಮೇಲೆ ಎರಡು ಅಂಚುಗಳನ್ನು ಇಳಿಸುತ್ತಾರೆ. ಹಾಗೆ ಮಾಡಿದರೆ ಗಾಳಿ ಬದಿಗೆ ಓಡಿಹೋಗುವುದು, ಗುಳ್ಳೆ ನಿಲ್ಲದು. ಒಮ್ಮೆ ತಾಗಿದ ಮೇಲೆ ಸರಿಸುವ ಮಾತೇ ಇಲ್ಲ. ವೇಫರ್ ಹಾಳೆಯಾದರೆ ನಯವಾದ ಪಕ್ಕದಲ್ಲಿ ಮುದ್ರಿಸಿ, ಒರಟು ಪಕ್ಕಕ್ಕೆ ಪೈಪಿಂಗ್ ಜೆಲ್ ತೆಳುವಾಗಿ ಸವರಿ ಕೂರಿಸುತ್ತಾರೆ. ನೀರು ಸವರಿದರೆ ಅಲೆಯಲೆಯಾಗಿ ಏಳುತ್ತದೆ.

ಇಲ್ಲಿನ ಹವೆ ಈ ಕುಸುರಿಗೆ ಸುಲಭದ ಗೆಳೆಯನಲ್ಲ. ಸಹ್ಯಾದ್ರಿಯ ಅಂಚಿನಲ್ಲಿರುವ ಬೆಳಗಾವಿಯಲ್ಲಿ ಜೂನ್ ತಿಂಗಳು ಕಾಲಿಟ್ಟ ಮೇಲೆ ಗೋಡೆಯೇ ಬೆವರುತ್ತದೆ. ಸುಮಾರು 26 ಕಿಲೋಮೀಟರ್ ದಕ್ಷಿಣದ ಖಾನಾಪುರಕ್ಕೆ ಹೋದರೆ ಮಳೆ ಇನ್ನೂ ಬಲವಾಗುತ್ತದೆ, ಆ ತಾಲೂಕಿನಲ್ಲೇ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗಂತೂ ಅದರ ಅಬ್ಬರ ಹೇಳತೀರದು. ಇಂಥ ಆರ್ದ್ರತೆಯಲ್ಲಿ ಚೀಲದಿಂದ ಹೊರತೆಗೆದ ಸಕ್ಕರೆಯ ಹಾಳೆ ನೋಡನೋಡುತ್ತಿರುವಂತೆಯೇ ಮೆತ್ತಗಾಗಿ ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ಕೇಕು ದಾರಿಯಲ್ಲಿ ಮಂಜು ಕುಳಿತು ಬೆವರಿದರೆ, ಆ ಹನಿಗಳಲ್ಲಿ ಬಣ್ಣ ಕದಡಿ, ಹುಬ್ಬಿನ ಕಪ್ಪು ಕೆನ್ನೆಗೆ ಇಳಿಯುತ್ತದೆ. ಮಾರ್ಚ್, ಏಪ್ರಿಲಿನ ಒಣಹವೆಯಲ್ಲಿ ಇದಕ್ಕೆ ವಿರುದ್ಧವಾದ ತೊಡಕು: ಹಾಳೆ ಒಣಗಿ ಬಾಗಿಸುವಾಗ ಸೀಳುತ್ತದೆ. ನಮ್ಮ ಬೇಕರಿಗಳು ಹೆಚ್ಚಾಗಿ ಬಳಸುವ ವ್ಹಿಪ್ಡ್ ಕ್ರೀಮಿನಲ್ಲಿ ನೀರಿನಂಶ ಜಾಸ್ತಿಯಿರುವುದರಿಂದ ಚಿತ್ರವನ್ನು ಒಯ್ಯುವ ವೇಳೆಗೆ ಸಮೀಪದಲ್ಲೇ ಇಡುವುದು ಕ್ಷೇಮ. ಬೆಣ್ಣೆಯ ಕೆನೆಯ ಮೇಲಾದರೆ ಅದು ಹೆಚ್ಚು ಹೊತ್ತು ಕದಲದೆ ನಿಲ್ಲುತ್ತದೆ. ಖಾನಾಪುರದ ಕಡೆಗೆ ಮಳೆಗಾಲದಲ್ಲಿ ಕೇಕು ಒಯ್ಯುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲ ಸಲಹೆಯೆಂದರೆ ಬೆಣ್ಣೆಯ ಕೆನೆಯನ್ನೇ ಕೇಳಿರಿ, ಮುಚ್ಚಿದ ಪೆಟ್ಟಿಗೆಯನ್ನು ದಾರಿಯಲ್ಲಿ ತೆರೆಯದಿರಿ ಎಂಬುದು.

ಯಂತ್ರವೇ ಇಲ್ಲದೆ ಚಿತ್ರವನ್ನು ಕೇಕಿಗೆ ಇಳಿಸುವ ಹಳೆಯ ವಿಧಾನಗಳೂ ಇವೆ, ಮತ್ತು ಅವುಗಳ ಬಗ್ಗೆ ನನಗಿರುವ ಗೌರವ ಹೆಚ್ಚು. ರೇಖಾಚಿತ್ರವೊಂದನ್ನು ಇಟ್ಟು, ಮೇಲೆ ಬೆಣ್ಣೆ ಕಾಗದವನ್ನು ಹಾಸಿ, ಕಾಣುವ ಗೆರೆಗಳ ಮೇಲೆ ಕಪ್ಪು ಕೆನೆಯನ್ನು ಎಳೆದು, ಒಳಗಿನ ಜಾಗಗಳಿಗೆ ಬಣ್ಣದ ಕೆನೆ ತುಂಬಿ, ಎಲ್ಲಕ್ಕೂ ಮೇಲೆ ಬಿಳಿಯ ಕೆನೆಯ ಒಂದು ಪದರ ಹಚ್ಚಿ, ಕಲ್ಲಾಗುವಂತೆ ಫ್ರೀಜರಿನಲ್ಲಿಟ್ಟು, ಕೇಕಿನ ಮೇಲೆ ತಲೆಕೆಳಗಾಗಿಸಿ ಕಾಗದವನ್ನು ಸುಲಿದರೆ, ಮೊದಲು ಎಳೆದ ಗೆರೆಯೇ ಮೇಲೆ ಬಂದು ಚಿತ್ರ ನೇರವಾಗಿ ಕಾಣುತ್ತದೆ. ಮುಖ್ಯವಾದ ಎಚ್ಚರ ಒಂದೇ: ಮೂಲಚಿತ್ರ ಎಡಬಲ ತಿರುಗಿರಬೇಕು, ಇಲ್ಲವಾದರೆ ಅಕ್ಷರಗಳೆಲ್ಲ ಕನ್ನಡಿಯ ಅಕ್ಷರಗಳಾಗುವುವು. ಚಾಕೊಲೇಟಿಗೆ ಬೇರೆ ಉಪಾಯ. ಕೋಕೋ ಬೆಣ್ಣೆಯ ಬಣ್ಣದಲ್ಲಿ ಚಿತ್ರ ಮುದ್ರಿಸಿದ ಪಾರದರ್ಶಕ ಹಾಳೆಯ ಮೇಲೆ ಹದಗೊಳಿಸಿದ ಚಾಕೊಲೇಟನ್ನು ಸುರಿದು ಆರಿಸಿದರೆ ಬಣ್ಣವು ಹಾಳೆಯನ್ನು ಬಿಟ್ಟು ಚಾಕೊಲೇಟಿಗೆ ಅಂಟುತ್ತದೆ. ನೀರಿನ ಶಾಯಿ ಅಲ್ಲಿ ನಡೆಯದು, ಕೊಬ್ಬಿನ ಮೇಲೆ ಅದು ಹನಿಹನಿಯಾಗಿ ನಿಂತುಬಿಡುತ್ತದೆ.

ಕಟ್ಟಕಡೆಗೆ ಇದು ಆಹಾರ, ಚಿತ್ರವೆಂಬುದು ಅದಕ್ಕೆ ತೊಡಿಸಿದ ಅಲಂಕಾರ ಎಂಬ ವಿವೇಕವನ್ನು ಮಾರುವವರೂ ಕೊಳ್ಳುವವರೂ ಬಿಡಕೂಡದು. ಕರ್ನಾಟಕ ಸರ್ಕಾರವು 2024ರ ಮಾರ್ಚಿನಲ್ಲಿ ಬೊಂಬಾಯಿ ಮಿಠಾಯಿಯಲ್ಲಿ ಬೆರೆಸುತ್ತಿದ್ದ ರೋಡಮೈನ್-ಬಿ ಮತ್ತು ಗೋಬಿ ಮಂಚೂರಿಗೆ ಹಾಕುತ್ತಿದ್ದ ಕೃತಕ ಬಣ್ಣಗಳನ್ನು ನಿಷೇಧಿಸಿತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷಾ ಇಲಾಖೆ ಪರೀಕ್ಷಿಸಿದ 235 ಕೇಕಿನ ಮಾದರಿಗಳಲ್ಲಿ 12 ಮಾದರಿಗಳು ಕೃತಕ ವರ್ಣಗಳ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಅನುಮತಿ ಪಡೆದ ಬಣ್ಣಗಳಿಗೂ ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಕಿಲೋಗ್ರಾಮಿಗೆ 100 ಮಿಲಿಗ್ರಾಮಿನ ಮಿತಿಯಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ 2007ರ ಅಧ್ಯಯನವೊಂದರ ತರುವಾಯ ಐರೋಪ್ಯ ಒಕ್ಕೂಟವು, ಟಾರ್ಟ್ರಜೀನ್, ಕಾರ್ಮೊಯ್ಸಿನ್ ಮೊದಲಾದ ಆರು ಬಣ್ಣಗಳಿರುವ ತಿನಿಸುಗಳ ಮೇಲೆ, ಅವು ಮಕ್ಕಳ ಚಟುವಟಿಕೆಗೂ ಏಕಾಗ್ರತೆಗೂ ಬಾಧಕವಾಗಬಹುದೆಂಬ ಎಚ್ಚರಿಕೆಯನ್ನು 2010ರಿಂದ ಕಡ್ಡಾಯ ಮಾಡಿತು. ಹಾಳೆಗೆ ಬೆಳ್ಳಗಿನ ಹೊಳಪು ಕೊಡಲು ಕೆಲವರು ಸೇರಿಸುವ ಟೈಟಾನಿಯಂ ಡೈಆಕ್ಸೈಡನ್ನು ಆ ಒಕ್ಕೂಟ 2022ರಲ್ಲಿ ಆಹಾರದಿಂದಲೇ ಹೊರಗಿಟ್ಟಿತು. ಅಮೆರಿಕದಲ್ಲಾದರೋ ತೂಕದ ಶೇಕಡಾ 1ರ ಮಿತಿಯಲ್ಲಿ ಅದಕ್ಕೆ ಇನ್ನೂ ಎಡೆಯುಂಟು.

ಇವುಗಳಿಂದ ಹೆದರಿ ಮಗುವಿನ ಸಂತೋಷವನ್ನು ಕಸಿಯಬೇಕಾಗಿಲ್ಲ, ಏಕೆಂದರೆ ಒಂದು ಹಾಳೆಗೆ ಸಲ್ಲುವ ಶಾಯಿ ಅತ್ಯಲ್ಪ. ಭಯಪಡಬೇಕಾದುದು ಬೇರೊಂದಕ್ಕೆ. ಕಾಗದ ಮುದ್ರಿಸುತ್ತಿದ್ದ ಹಳೆಯ ಯಂತ್ರಕ್ಕೇ ತಿನ್ನುವ ಶಾಯಿ ತುಂಬಿ ಕೆಲಸ ಸಾಗಿಸಿದರೆ, ಅದರ ನಾಳಗಳಲ್ಲಿ ಉಳಿದ ಬರಹದ ಶಾಯಿಯು ಸಕ್ಕರೆಯ ಜತೆಗೆ ಬಂದೇ ಬರುತ್ತದೆ. ಕಣ್ಣಿಗೆ ಅದು ಕಾಣದು, ನಾಲಗೆಗೆ ತಿಳಿಯದು. ಯಂತ್ರ ಹೊಸದಾಗಿ ತಂದು ಆಹಾರಕ್ಕೆಂದೇ ಮೀಸಲಿಟ್ಟದ್ದೋ, ಶಾಯಿಯ ಬಾಟಲಿಯ ಮೇಲೆ ಆಹಾರ ಸುರಕ್ಷಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯೂ ಬಣ್ಣಗಳ ಹೆಸರೂ ಇವೆಯೋ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಕೆಲಸಗಾರರು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ, ಬಾಟಲಿಯನ್ನೇ ತಂದು ಕೈಗಿಡುತ್ತಾರೆ.

ಮುಖದ ಚಿತ್ರಕ್ಕೆ ಕತ್ತಿ ಹಾಕಲು ಮನಸ್ಸೊಪ್ಪದವರು ನಮ್ಮಲ್ಲಿ ಬಹುಮಂದಿ. ಅಜ್ಜಿಯಂದಿರಂತೂ ಮಗುವಿನ ಹಣೆಯ ಮೇಲೆ ಕತ್ತಿ ಇಳಿಯುವುದನ್ನು ಅಪಶಕುನವೆಂದೇ ತಿಳಿಯುತ್ತಾರೆ, ದೇವರ ಚಿತ್ರವನ್ನು ಮುದ್ರಿಸಿಕೊಡಲು ಕೆಲವು ಬೇಕರಿಯವರೇ ಒಪ್ಪುವುದಿಲ್ಲ. ಈ ಭಾವನೆಯನ್ನು ಹಗುರಾಗಿ ತಳ್ಳಿಹಾಕುವುದು ನನ್ನಿಂದಾಗದು. ಸಕ್ಕರೆಯ ಕಣಕವಾದ ಫಾಂಡೆಂಟನ್ನು ತೆಳುವಾಗಿ ಲಟ್ಟಿಸಿ ಒಂದು ದಿನ ಒಣಗಿಸಿ, ಆ ಬಿಲ್ಲೆಯ ಮೇಲೆ ಚಿತ್ರ ಅಂಟಿಸಿ ಕೇಕಿನ ಮೇಲಿಟ್ಟರೆ, ಕತ್ತರಿಸುವ ಮುನ್ನ ಅದನ್ನು ಇಡಿಯಾಗಿ ಎತ್ತಿಡಬಹುದು. ಕೆಲವು ದಿನ ಹಾಗೆಯೇ ಇಟ್ಟು ನೋಡಲೂಬಹುದು.

ಯಂತ್ರವು ನಮ್ಮ ಲಿಪಿಗೆ ಮಾಡಿದ ಉಪಕಾರವೊಂದನ್ನು ಹೇಳದೆ ಬಿಡಲಾರೆ. ಕೆನೆಯ ಕೊಳವೆಯಿಂದ ಹೆಸರು ಬರೆಯುವಾಗ ಕನ್ನಡದ ಒತ್ತಕ್ಷರಗಳೂ ದೀರ್ಘಗಳೂ ಒಂದಕ್ಕೊಂದು ಅಂಟಿ ಗಂಟಾಗುವುದರಿಂದ, ಬೇಕರಿಯವರು ಬಹುಕಾಲ ರೋಮನ್ ಅಕ್ಷರಗಳಲ್ಲೇ ಹೆಸರು ಬರೆದು ಕೈತೊಳೆದುಕೊಂಡರು. ಹಾಳೆಯ ಮೇಲಾದರೆ ಐಶ್ವರ್ಯಾ, ಕೃಷ್ಣಾಜಿ, ಚನ್ನಮ್ಮ ಎಂಬ ಹೆಸರುಗಳು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಒಂದು ಕೊಂಬೂ ತಪ್ಪದೆ ಮೂಡುತ್ತವೆ. ಮುದ್ರಣಕ್ಕೆ ಮುನ್ನ ಹೆಸರನ್ನು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯುವ ಅಂಗಡಿಗಳನ್ನೇ ಹುಡುಕಿರಿ.

ನನಗೊಂದು ಆಸೆಯಿದೆ. ಫೋಟೋಗಳ ಕಡುಗತ್ತಲೆಯ ಹಿನ್ನೆಲೆಗೆ ಶಾಯಿ ಹೆಚ್ಚು ಬೇಕು, ಅದೇ ಮಳೆಗಾಲದಲ್ಲಿ ಮೊದಲು ಕದಡುತ್ತದೆ, ಅದೇ ಮಕ್ಕಳ ನಾಲಗೆಯನ್ನು ನೀಲಿ ಮಾಡುತ್ತದೆ. ಅದಕ್ಕೆ ಬದಲಾಗಿ ಸಕ್ಕರೆ ಆರತಿಯ ಅಚ್ಚಿನಲ್ಲಿರುವ ಆನೆ, ತೇರು, ಗೋಪುರಗಳನ್ನು ತೆಳ್ಳನೆಯ ಗೆರೆಗಳಲ್ಲಿ ಬರೆದು, ಒಂದೆರಡು ಬಣ್ಣಗಳನ್ನಷ್ಟೇ ತುಂಬಿ, ಉಳಿದ ಹಾಳೆಯನ್ನು ಸಕ್ಕರೆಯ ಬಿಳುಪಿಗೇ ಬಿಟ್ಟು ಮುದ್ರಿಸುವ ಚಿತ್ರಗಾರರು ಹಿಂದವಾಡಿಯಲ್ಲೋ ಶಹಾಪುರದಲ್ಲೋ ಮುಂದೆ ಬಂದರೆ, ಗೌರಿ ಹುಣ್ಣಿಮೆಗೆ ಬೀಗರ ಮನೆಯಿಂದ ಹೊರಡುವ ಬುಟ್ಟಿಯಲ್ಲಿ ಅಂಥ ಕೇಕೊಂದು ಮರದಚ್ಚಿನ ಗೊಂಬೆಗಳ ಪಕ್ಕದಲ್ಲಿ ಕೂರಲು ಅಡ್ಡಿಯೇನೂ ನನಗೆ ಕಾಣದು.